ತಾಯಿಯ ಕಡೆಯಿಂದ

ಕಾರವಾರ
೧೧ ಮಾರ್ಚ್ ೧೯೯೮

ನೀಲಾ,

ಐದು ತಿಂಗಳಲ್ಲಿ ನಿನಗೆ ಮೂರು ಕಾಗದ ಬರೆದೆ. ಒಂದಕ್ಕೂ ಉತ್ತರ ಬಂದಿಲ್ಲ. ಗೆಳತಿ ಎಂಬ ಸಲಿಗೆಯಿಂದ ಬರಬೇಕೆಂದು ಕೇಳುವ ಹಾಗೂ ಇಲ್ಲ. ತದಡಿಯ ಬೋಟಿಗೆ ಇಂಜಿನ್ ನೋಡಿಕೊಳ್ಳುವವರು ಬೇಕಂತೆ ಎಂದು ಮಹಾಂತೇಶಣ್ಣನಿಗೆ ಹೇಳಿದವಳು ನಾನು. ಶಿರಾಳಕೊಪ್ಪದಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ ನಿನ್ನ ಗಂಡನನ್ನು ಸಮುದ್ರಕ್ಕೆ ಕಳಿಸಿದವಳು ಇವಳೇ ಎಂದು ನೀನು ಅಂದುಕೊಂಡಿದ್ದರೆ, ಅಲ್ಲ ಎನ್ನಲು ನನ್ನಿಂದಾಗದು. ಆದರೆ ಈ ಕಾಗದವನ್ನು ಹರಿಯಬೇಡ. ಕೊನೆಯವರೆಗೂ ಓದು. ಒಬ್ಬಳೇ ಇದ್ದಾಗ ಓದು.

ನನ್ನ ಕೆಲಸ ಏನೆಂದು ಒಮ್ಮೆ ಹೇಳಿದ್ದೆ, ನೀನು ಮೂಗು ಮುಚ್ಚಿಕೊಂಡು ನಕ್ಕಿದ್ದೆ. ಶಾರ್ಕಿನಂಥ ಬೇಟೆಗಾರ ಮೀನುಗಳು ಏನು ತಿನ್ನುತ್ತವೆ ಎಂದು ಪತ್ತೆಮಾಡುವುದು. ಬೋಟುಗಳು ಮೀನು ಇಳಿಸುವ ದಕ್ಕೆಗೆ ಬಂದ ಶಾರ್ಕಿನ ಹೊಟ್ಟೆ ಸೀಳಿದರೆ ಹೆಚ್ಚಾಗಿ ಸಿಗುವುದು ಗಂಜಿಯಂಥ ರಾಡಿ. ಅದು ಬಂಗಡೆಯೋ ಭೂತಾಯಿಯೋ ಕಣ್ಣಿಗೆ ತಿಳಿಯುವುದಿಲ್ಲ. ಅದರಿಂದ ಡಿಎನ್‌ಎ ಬೇರ್ಪಡಿಸಿ ಹೈದರಾಬಾದಿನ ಒಂದು ಲ್ಯಾಬಿಗೆ ಕಳಿಸುತ್ತೇವೆ. ಅವರು ಅದನ್ನು ಅಕ್ಷರದ ಸಾಲಿನ ಹಾಗೆ ಓದಿ ಬರೆದು ಕಳಿಸುತ್ತಾರೆ. ಯಾವ ಪ್ರಾಣಿಯ ಸಾಲಿಗೆ ಅದು ಹೊಂದುತ್ತದೋ ಆ ಪ್ರಾಣಿಯನ್ನು ಶಾರ್ಕ್ ತಿಂದಿದೆ ಎಂದರ್ಥ.

ನವೆಂಬರ್ ಒಂದರಂದು, ಬೋಟು ಮುಳುಗಿದ ಒಂಬತ್ತನೇ ದಿನ, ಇಲ್ಲಿಯ ದಕ್ಕೆಗೆ ಒಂದು ದೊಡ್ಡ ಶಾರ್ಕ್ ಬಂತು. ಅದರ ಹೊಟ್ಟೆಯಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಒಂದು ಮೂಳೆ ಇತ್ತು. ಡಾಲ್ಫಿನ್ನಿನದಿರಬೇಕು ಎಂದು ಚೀಟಿ ಅಂಟಿಸಿ, ಅದರ ಚೂರನ್ನು ಉಳಿದವುಗಳ ಜೊತೆ ಕಳಿಸಿದೆ. ಕಳೆದ ತಿಂಗಳು ಉತ್ತರ ಬಂತು: ಮನುಷ್ಯ.

ಮೊದಲು ನಾನು ಗಾಬರಿಯಾಗಲಿಲ್ಲ. ಮುಟ್ಟಿದವರ ಬೆವರೋ ಕೂದಲೋ ಸೇರಿದರೂ ಹೀಗೆ ಬರುವುದುಂಟು. ನಮ್ಮ ಪ್ರೊಫೆಸರು, “ಅದು ನಿಂದೇ ಇರತ್ತಮ್ಮ, ತೆಗೆದು ಬಿಸಾಕು” ಎಂದರು. ಬಿಸಾಕುವ ಮುಂಚೆ ನನ್ನದೂ ಲ್ಯಾಬಿನ ಇನ್ನಿಬ್ಬರದೂ ರಕ್ತ ಕಳಿಸಿ ನೋಡಿದೆ. ಮೊನ್ನೆ ಸೋಮವಾರ ತಿಳಿಯಿತು. ಅದು ನಮ್ಮ ಮೂವರದೂ ಅಲ್ಲ.

ಮೂಳೆಯನ್ನು ಪೊಲೀಸರಿಗೆ ಒಪ್ಪಿಸಿದ್ದೇನೆ. ಬೋಟಿನ ನಾಲ್ವರಲ್ಲಿ ಇಬ್ಬರ ದೇಹ ಆಗಲೇ ಸಿಕ್ಕಿತ್ತು. ಸಿಗದವರು ಮಹಾಂತೇಶಣ್ಣ ಮತ್ತು ಕುಮಟಾ ಕಡೆಯ ಗೋವಿಂದ. ಇದು ಇಬ್ಬರದೂ ಅಲ್ಲದೆ ಬೇರೆ ಯಾರದೋ ಇರಬಹುದು. ತಿಳಿಯಲು ಮಹಾಂತೇಶಣ್ಣನ ತಾಯಿಯ ಮೂರು ಹನಿ ರಕ್ತ ಬೇಕು. ಲಕೋಟೆಯಲ್ಲಿ ಒಂದು ದಪ್ಪ ಕಾಗದ ಇಟ್ಟಿದ್ದೇನೆ. ಬೆರಳಿಗೆ ಸೂಜಿ ಚುಚ್ಚಿ, ಹನಿಗಳನ್ನು ಅದರ ಮೇಲೆ ಬೀಳಿಸಿ, ನೆರಳಲ್ಲಿ ಒಣಗಿಸಿ ರಿಜಿಸ್ಟರ್ ಮಾಡು. ಬೇಡವೆನಿಸಿದರೆ ಸುಟ್ಟುಬಿಡು.

ನಿನ್ನ
ಗಂಗಾಶ್ರೀ


ಶಿರಾಳಕೊಪ್ಪ
೨೪ ಮಾರ್ಚ್ ೧೯೯೮

ಗಂಗಾಶ್ರೀಗೆ,

ನಿನ್ನ ಕಾಗದ ಬಂದಾಗ ಶಾಲೆಯಲ್ಲಿದ್ದೆ. ಮೂರನೇ ತರಗತಿಗೆ ಮಗ್ಗಿ ಬರೆಯಲು ಹೇಳಿ ಓದಿದೆ. ಆಮೇಲೆ ಬೋರ್ಡಿನ ಮೇಲೆ ಏನು ಬರೆದೆನೋ, ಮಕ್ಕಳೆಲ್ಲ ನಗುತ್ತಿದ್ದರು.

ನೀನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೇನೆ. ಅತ್ತೆ ಒಪ್ಪುತ್ತಿಲ್ಲ. ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಶಾರ್ಕು, ಹೊಟ್ಟೆ, ಮೂಳೆ ಎಂದಾಗಲೂ ಕದಲದೆ ಕೂತಿದ್ದರು. ತಾಯಿಯ ರಕ್ತ ಎಂದಾಗ ಎದ್ದು ನಿಂತರು. “ನನ್ ರಕ್ತ ಯಾಕಂತೆ ಅವಳಿಗೆ? ಕೊಡಾದಿಲ್ಲ ಅಂತ ಬರಿ” ಎಂದು ಹಿತ್ತಲಿಗೆ ಹೋದರು. ಮರುದಿನ ಮತ್ತೆ ಕೇಳಿದೆ. ಕೈಯಲ್ಲಿದ್ದ ಮೊರ ಎಸೆದರು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅವರು ಒಂದು ಲೋಟವನ್ನೂ ಸದ್ದಾಗುವಂತೆ ಇಟ್ಟದ್ದನ್ನು ನಾನು ಕಂಡಿಲ್ಲ.

ನನ್ನ ರಕ್ತ ಆಗುವುದಿಲ್ಲವೇ? ಚೈತ್ರಳದು? ಅವಳದು ಅವಳಪ್ಪನ ರಕ್ತವಲ್ಲವೇ?

ಇಲ್ಲಿನ ಸ್ಥಿತಿ ನಿನಗೆ ತಿಳಿದಿರಲಿ. ನನ್ನ ತವರು ತಾಳಗುಂದದಿಂದ ಸೋದರಮಾವ ತೋಟಪ್ಪನವರು ವಾರಕ್ಕೊಮ್ಮೆ ಬರುತ್ತಾರೆ. “ಮಣ್ಣು ಮಾಡಾಕೆ ಏನೂ ಇಲ್ದಿದ್ರೂ ಶಾಸ್ತ್ರ ಅಂತ ಒಂದ್ ಆಗ್ಬೇಕಲ್ಲವ್ವ. ಎಷ್ಟ್ ದಿನ ಹಿಂಗೇ ಇರ್ತೀಯಾ?” ಎನ್ನುತ್ತಾರೆ. ಶಾಸ್ತ್ರ ಎಂದರೆ ನನ್ನ ಕೊರಳಿನ ತಾಳಿ ತೆಗೆಸುವುದು. ಇದುವರೆಗೆ ನಾನು ಒಪ್ಪಿರಲಿಲ್ಲ. ಈಗ ನಿನ್ನ ಕಾಗದ ಬಂದಿದೆ.

ನೀಲಾಂಬಿಕ


ಕಾರವಾರ
೧ ಏಪ್ರಿಲ್ ೧೯೯೮

ನೀಲಾ,

ನಿನ್ನದೂ ಆಗುವುದಿಲ್ಲ, ಚೈತ್ರಳದೂ ಆಗುವುದಿಲ್ಲ. ಸಮುದ್ರದಲ್ಲಿ ನೆನೆದು, ಶಾರ್ಕಿನ ಹೊಟ್ಟೆಯ ಆಮ್ಲದಲ್ಲಿ ಬೆಂದ ಮೇಲೆ ಮೂಳೆಯಲ್ಲಿ ಓದುವಷ್ಟು ಉಳಿಯುವುದು ಒಂದೇ ಭಾಗ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಚೈತ್ರಳಲ್ಲಿರುವುದು ನಿನ್ನದು. ಮಹಾಂತೇಶಣ್ಣನಲ್ಲಿ ಇದ್ದದ್ದು ಅವನ ತಾಯಿಯದು.

ಗೋವಿಂದನ ಮನೆಗೂ ಹೋಗಿದ್ದೆ. ತಾಯಿ ತೀರಿಕೊಂಡು ಬಹಳ ಕಾಲವಾಗಿದೆ. ಆ ಕಡೆಯ ಸಂಬಂಧಿಕರೂ ಯಾರೂ ಉಳಿದಿಲ್ಲ. ಹಾಗಾಗಿ ನಿನ್ನ ಅತ್ತೆ ಹಾಲಮ್ಮನವರೊಬ್ಬರೇ ದಾರಿ. ಅವರ ರಕ್ತಕ್ಕೆ ಹೊಂದಿದರೆ ಆ ಮೂಳೆ ಅವರ ಮಗನದು. ಹೊಂದದಿದ್ದರೆ ಅದು ಅವರ ಮಗನದಲ್ಲ.

ಅವರಿಗೆ ಒತ್ತಾಯ ಮಾಡಬೇಡ. ಮೊನ್ನೆ ಮತ್ತೊಂದು ಶಾರ್ಕ್ ಬಂತು. ಚಾಕು ಹಿಡಿದವಳು ಕೆಳಗಿಟ್ಟು ಹೊರಗೆ ಬಂದೆ.

ಗಂಗಾಶ್ರೀ


ಶಿರಾಳಕೊಪ್ಪ
೨ ಮೇ ೧೯೯೮

ಗಂಗಾಶ್ರೀಗೆ,

ಇದರ ಜೊತೆ ನೀನು ಕಳಿಸಿದ್ದ ದಪ್ಪ ಕಾಗದ ಇದೆ. ಮೂರಲ್ಲ, ಐದು ಹನಿ ಇವೆ. ಹೇಗಾಯಿತೆಂದು ಬರೆಯುತ್ತೇನೆ.

ಬಸವ ಜಯಂತಿಯ ದಿನ ತೋಟಪ್ಪ ಮಾವ ಇಬ್ಬರು ಹೆಂಗಸರನ್ನು ಕರೆದುಕೊಂಡೇ ಬಂದರು. ಸೋಮವಾರ ಎಂದು ದಿನವನ್ನೂ ಗೊತ್ತು ಮಾಡಿಕೊಂಡಿದ್ದರು. ಅತ್ತೆ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. “ಇದಾನೋ ಇಲ್ವೋ ಅಂತ ತಿಳ್ಕಳಾಕೆ ದಾರಿ ಐತೆ ಅಂತ ಗಂಗಾಶ್ರೀ ಬರ್ದಾಳೆ. ಹೆತ್ತೋರು ನೀವೇ ಬ್ಯಾಡ ಅಂದ್ರೆ ನಾನ್ ಯಾರ್ನ ಕೇಳ್ಲಿ ಅತ್ತೆ?” ಎಂದು ಎಲ್ಲರೆದುರೇ ಕೂಗಿದೆ.

ಅತ್ತೆ ಗೋಡೆ ಬಿಟ್ಟು ಮುಂದೆ ಬಂದರು. ಆಮೇಲೆ, “ಆ ಎರಡನೇ ಕಾಗ್ದ ಓದು” ಎಂದರು. ಓದಿದೆ. ಹೊಂದದಿದ್ದರೆ ಎಂಬಲ್ಲಿ ತಡೆದು, “ಇನ್ನೊಂದ್ ಸಲ” ಎಂದರು. ಮತ್ತೆ ಓದಿದೆ.

ಮಾವನ ಕಡೆ ತಿರುಗಿ, “ತೋಟಪ್ನೋರೆ, ಹೊಂದ್ಲಿಲ್ಲ ಅಂದ್ರೆ ಹುಡುಗಿ ತಾಳಿಗೆ ಕೈ ಹಾಕಾದಿಲ್ಲ ಅಲ್ರೀ?” ಎಂದು ಕೇಳಿದರು.

“ಹೊಂದ್ಲಿಲ್ಲ ಅಂದ್ರೆ ಯಾಕ್ ಹಾಕಾಣ್ರೀ?”

ಅತ್ತೆ ಒಳಗೆ ಹೋಗಿ ರವಿಕೆ ಹೊಲಿಯುವ ಸೂಜಿ ತಂದು, ನಾನು ಕೈ ಹಿಡಿಯುವ ಮೊದಲೇ ಚುಚ್ಚಿಕೊಂಡರು. ಬೆರಳು ಹಿಂಡಿ ಹಿಂಡಿ ಬೀಳಿಸಿದರು.

ಉತ್ತರ ಬರುವವರೆಗೆ ಕಾಯಲು ಮಾವ ಒಪ್ಪಿದ್ದಾರೆ. ಬೇಗ ಬರೆ.

ನೀಲಾಂಬಿಕ


ಕಾರವಾರ
೬ ಜುಲೈ ೧೯೯೮

ನೀಲಾ,

ಹೈದರಾಬಾದಿನಿಂದ ಈ ಬೆಳಗ್ಗೆ ಬಂತು. ಹೊಂದುವುದಿಲ್ಲ. ಎರಡು ಸಲ ಮಾಡಿ ನೋಡಿದ್ದಾರೆ. ಹನ್ನೊಂದು ಕಡೆ ವ್ಯತ್ಯಾಸವಿದೆ. ಒಂದೆರಡಾದರೆ ಅನುಮಾನಿಸಬಹುದಿತ್ತು. ಆ ಮೂಳೆ ಹಾಲಮ್ಮನವರ ಮಗನದಲ್ಲ.

ಇದರರ್ಥ ಮಹಾಂತೇಶಣ್ಣ ಇದ್ದಾನೆ ಎಂದಲ್ಲ. ಅಷ್ಟನ್ನು ನಾನು ಹೇಳಲಾರೆ. ದಯವಿಟ್ಟು ಈ ಸಾಲನ್ನು ಎರಡು ಸಲ ಓದು.

ಆದರೂ ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಗಂಗಾಶ್ರೀ


ಶಿರಾಳಕೊಪ್ಪ
೧೪ ಜುಲೈ ೧೯೯೮

ಪ್ರೀತಿಯ ಗಂಗಾ,

ನೀನು ಎರಡು ಸಲ ಓದು ಎಂದದ್ದನ್ನು ಹತ್ತು ಸಲ ಓದಿದೆ. ಇಲ್ಲ ಎಂದೂ ನೀನು ಬರೆದಿಲ್ಲವಲ್ಲ. ನನಗೆ ಅಷ್ಟು ಸಾಕು.

ಸುದ್ದಿ ಹೇಳಿದಾಗ ಅತ್ತೆ ಸುಮ್ಮನೆ ತಲೆಯಾಡಿಸಿದರು. ಅವರ ಸ್ವಭಾವವೇ ಹಾಗೆ. ತೋಟಪ್ಪ ಮಾವ ಬರುವುದನ್ನು ನಿಲ್ಲಿಸಿದ್ದಾರೆ. ನಾನು ಒಂಬತ್ತು ತಿಂಗಳ ಮೇಲೆ ಹೂ ಮುಡಿದು ಶಾಲೆಗೆ ಹೋದೆ.

ಈಗ ಮುಖ್ಯವಾದ್ದು. ಬಿರುಗಾಳಿಗೆ ಸಿಕ್ಕವರನ್ನು ಗುಜರಾತಿನ ಕಡೆಯ ದೊಡ್ಡ ಬೋಟುಗಳು ಎತ್ತಿಕೊಂಡು ಹೋದದ್ದುಂಟು, ಭಾಷೆ ಬಾರದೆ, ನೆನಪು ತಪ್ಪಿ ಅಲ್ಲೇ ಉಳಿದವರುಂಟು ಎಂದು ತದಡಿಯ ಬೋಟಿನವರೊಬ್ಬರು ಹೇಳಿ ಕಳಿಸಿದ್ದಾರೆ. ಮೂರು ತಿಂಗಳ ರಜೆಗೆ ಅರ್ಜಿ ಹಾಕಿದ್ದೇನೆ. ಆಗಸ್ಟ್ ಹದಿನೈದರ ಧ್ವಜ ಮುಗಿಸಿ ಚೈತ್ರಳನ್ನು ಕರೆದುಕೊಂಡು ಹೊರಡುತ್ತೇನೆ. ಮೊದಲು ರತ್ನಾಗಿರಿ, ಅಲ್ಲಿಂದ ಮುಂಬಯಿ, ಆಮೇಲೆ ವೆರಾವಲ್. ಅವರ ಫೋಟೋ ಐವತ್ತು ಪ್ರತಿ ಮಾಡಿಸಿದ್ದೇನೆ. ಬಂದರಿನಲ್ಲಿ ಯಾರನ್ನು ಕೇಳಬೇಕು, ಬರೆದು ಕಳಿಸು. ನನಗೆ ಹಿಂದಿಯೂ ಸರಿಯಾಗಿ ಬರುವುದಿಲ್ಲ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅದನ್ನು ಬಿಟ್ಟಿದ್ದೇನೆ.

ನಿನ್ನ
ನೀಲಾ


ಶಿರಾಳಕೊಪ್ಪ
೨೦-೭-೯೮

ಮಗಳು ಗಂಗಾಶ್ರೀಗೆ ಹಾಲಮ್ಮ ಬರೆಯುವುದು.

ಅಕ್ಷರ ವಾರೆ ಇದ್ದರೆ ಹೊಂದಿಸಿಕಂಡು ಓದು. ಸಾಕ್ಷರತೆ ಕ್ಲಾಸಿನಾಗೆ ನೀಲನೇ ಕಲಿಸಿದ್ದು. ಇದನ್ನ ಬ್ಯಾರೆ ಯಾರ ಕೈಲೂ ಬರೆಸಾಕೆ ಆಗಾದಿಲ್ಲ.

ಮಹಾಂತನ್ನ ನಾನು ಹೆತ್ತಿಲ್ಲ.

ನಮ್ಮೆಜಮಾನ್ರು ವೀರಬಸಪ್ನೋರು ಆಗ ಹೊಸಪೇಟೆ ಕಡೆ ಕಾಲುವೆ ಕೆಲಸದಾಗಿದ್ದರು. ಮೊದಲು ಲಗ್ನ ಆಗಿದ್ದು ಸೊರಬದ ಕುಪ್ಪಗಡ್ಡೆ ಶಿವಗಂಗಮ್ಮನ್ನ. ಅವಳು ಹೆತ್ತು ಹನ್ನೊಂದನೇ ದಿನಕ್ಕೆ ಹೋದಳು. ಮೂರು ತಿಂಗಳಿಗೆ ನನ್ನ ತಂದರು. ಅಕ್ಕನ ಮಣ್ಣು ಒಣಗಾಕೂ ಬಿಡಲಿಲ್ಲ ಅಂತ ಅವಳ ತಮ್ಮ ಬೆನಕಪ್ಪ ಸಿಟ್ಟಾದ. ಆವತ್ತಿಂದ ಅವರ ಮನಿಗೂ ನಮ್ಮ ಮನಿಗೂ ಬಳಕೆ ಇಲ್ಲ. ಕೂಸಿಗೆ ವರುಷ ಆದಾಗ ಇಲ್ಲಿಗೆ ಬಂದ್ವಿ. ಈ ಊರಿನಾಗೆ ಎಲ್ಲರೂ ನನ್ನ ಮಗನೇ ಅಂದರು. ನಾನೂ ಹೂಂ ಅಂದೆ. ಯಾರಿಗೂ ಹೇಳಬ್ಯಾಡ ಅಂತ ಎಜಮಾನ್ರು ಆಣೆ ಹಾಕಿಸಿಕಂಡಿದ್ದರು. ಮಹಾಂತಂಗೂ ಗೊತ್ತಿಲ್ಲ. ನನಗೆ ಬ್ಯಾರೆ ಮಕ್ಕಳಾಗಲಿಲ್ಲ.

ತಾಯಿ ರಕ್ತ ಅಂತ ನೀನು ಬರೆದಾಗ ಗುಟ್ಟು ಬಯಲಾಗತೈತಿ ಅಂತ ಕೊಡಲಿಲ್ಲ. ಆಮ್ಯಾಲೆ ಹೊಂದದಿದ್ದರೆ ಅವರ ಮಗ ಅಲ್ಲ ಅಂತ ನೀನೇ ಬರೆದಿ. ಹೊಂದಾದಿಲ್ಲ ಅಂತ ನನಗೆ ಗೊತ್ತಿತ್ತಲ್ಲವ್ವ. ಗೊತ್ತಿದ್ದೇ ಚುಚ್ಚಿಕಂಡೆ. ಹುಡುಗಿ ತಾಳಿ ಉಳೀಲಿ ಅಂತ ಮಾಡಿದೆ ಅಂದರೆ ಅರ್ಧ ಸುಳ್ಳು. ಅವನು ಇದಾನೆ ಅಂತ ಅನ್ನಕಳಾಕೆ ನನಗೂ ಏನಾರ ಬೇಕಿತ್ತು.

ಈಗ ಅವಳು ಕೂಸು ಕಟ್ಟಿಕಂಡು ಕಾಣದ ಊರಿಗೆ ಹೊಂಟಾಳೆ. ದಿನಾ ಟ್ರಂಕಿಗೆ ಬಟ್ಟೆ ತುಂಬತಾಳೆ. ನಾನು ಮಡಚಿ ಕೊಡತೀನಿ. ನನ್ನ ಸುಳ್ಳಿನಿಂದ ಅವರಿಬ್ಬರಿಗೂ ಏನಾರ ಆದರೆ?

ಮೂವತ್ತೊಂದು ವರುಷ ಎತ್ತಿ ಸಾಕಿದ್ದು ನಿನ್ನ ಮಿಷನ್ನಿಗೆ ಕಾಣಾದೇ ಇಲ್ಲೇನವ್ವ?

ಏನು ಮಾಡಲಿ ಹೇಳು. ಉತ್ತರ ಮನಿಗೆ ಬರಿಬ್ಯಾಡ. ನಾನು ಕಸ ಗುಡಿಸೋ ಅಂಗನವಾಡಿಗೆ ಬರಿ.

ಇಂತಿ
ಹಾಲಮ್ಮ


ಕಾರವಾರ
೨೭ ಜುಲೈ ೧೯೯೮

ಅಮ್ಮಾ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ಇಲ್ಲಮ್ಮ, ಕಾಣುವುದಿಲ್ಲ. ಹೆತ್ತದ್ದು ಮಾತ್ರ ಅದಕ್ಕೆ ತಿಳಿಯುತ್ತದೆ. ತಪ್ಪು ನನ್ನದೂ ಇದೆ. ನೀವು ಹೆತ್ತವರೋ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳದೆಯೇ ನಿಮ್ಮ ಮಗನದಲ್ಲ ಎಂದು ಬರೆದೆ. ಈಗ ಆ ಫಲಿತಾಂಶಕ್ಕೆ ಅರ್ಥವೇ ಇಲ್ಲ. ಮೂಳೆ ಮಹಾಂತೇಶಣ್ಣನದಿರಬಹುದು, ಇಲ್ಲದಿರಬಹುದು.

ತಿಳಿಯಲು ಇನ್ನೊಂದು ದಾರಿ ಇದೆ. ಬೆನಕಪ್ಪನವರೂ ಶಿವಗಂಗಮ್ಮನವರೂ ಒಂದೇ ತಾಯಿಯ ಮಕ್ಕಳಾದರೆ, ಬೆನಕಪ್ಪನವರ ರಕ್ತ ಸಾಕು. ಈ ಸಲ ಆಸ್ಪತ್ರೆಯಲ್ಲಿ, ಪೊಲೀಸರ ಎದುರು ಕೊಡಬೇಕು.

ನೀಲಾಳಿಗೆ ನಾನೇ ಬರೆಯೋಣವೆಂದು ಕೂತೆ. ಅರ್ಧ ಬರೆದು ಹರಿದೆ. ಇದು ನಿಮ್ಮ ಬಾಯಿಂದಲೇ ಅವಳಿಗೆ ತಿಳಿಯಬೇಕು. ಆದರೆ ಅವಳು ಹದಿನೈದಕ್ಕೆ ಹೊರಡುತ್ತಾಳೆ. ಹತ್ತನೇ ತಾರೀಖಿನವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀವು ಹೇಳದಿದ್ದರೆ ನಾನೇ ಬಸ್ಸು ಹತ್ತಿ ಬಂದು ಹೇಳುತ್ತೇನೆ. ಬೆದರಿಸುತ್ತಿದ್ದಾಳೆ ಎಂದುಕೊಂಡರೂ ಸರಿ, ಮಗುವನ್ನು ಕರೆದುಕೊಂಡು ಅವಳು ಅಷ್ಟು ದೂರ ಹೋಗಬಾರದು.

ನಿಮ್ಮ
ಗಂಗಾಶ್ರೀ


ತಾಳಗುಂದ
೨೩ ಆಗಸ್ಟ್ ೧೯೯೮

ಗಂಗಾಶ್ರೀಗೆ,

ಒಂಬತ್ತನೇ ತಾರೀಖು ಬೆಳಗ್ಗೆ ಅತ್ತೆ ಹೇಳಿದರು. ಟ್ರಂಕಿನ ಮುಂದೆ ಕೂತಿದ್ದೆ. ಎದುರು ಕೂತು, ನನ್ನ ಕೈಯಲ್ಲಿದ್ದ ಸೀರೆ ತೆಗೆದು ಪಕ್ಕಕ್ಕಿಟ್ಟು, ಒಂದೇ ಉಸಿರಿಗೆ ಹೇಳಿದರು. ನಾನು ಏನು ಅಂದೆನೆಂದು ಬರೆಯಲಾರೆ. “ನೀವು ಹೆತ್ತಿದ್ರೆ ಹಿಂಗ್ ಮಾಡ್ತಿದ್ರಾ?” ಎಂದದ್ದು ಮಾತ್ರ ನೆನಪಿದೆ. ಆವತ್ತೇ ಚೈತ್ರಳನ್ನು ಎತ್ತಿಕೊಂಡು ತವರಿಗೆ ಬಂದೆ. ನೀನೂ ಹದಿಮೂರು ದಿನ ಮುಚ್ಚಿಟ್ಟಿದ್ದೆ ಎಂದು ತಿಳಿಯಿತು.

ಮೂರು ದಿನ ಮಲಗಿದ್ದೆ. ನಾಲ್ಕನೇ ದಿನ ಎದ್ದು, ಸೊರಬಕ್ಕೆ ಹೋಗಿ, ಅಲ್ಲಿಂದ ಕುಪ್ಪಗಡ್ಡೆಗೆ ಹೋದೆ. ಬೆನಕಪ್ಪನವರು ಗದ್ದೆಯ ಬದುವಿನಲ್ಲಿ ಸಿಕ್ಕಿದರು. ವೀರಬಸಪ್ಪನವರ ಸೊಸೆ ಎಂದೆ. ಮುಖ ತಿರುಗಿಸಿ, “ನಂಗೂ ಆ ಮನೆಗೂ ಏನ್ ಸಂಬಂಧ? ಹೋಗಮ್ಮ” ಎಂದರು. “ಅವರ ಮಗ ಸಮುದ್ರದಾಗೆ ಹೋದ್ರು” ಎಂದೆ. ಕೈಯಲ್ಲಿದ್ದ ಕುಡುಗೋಲು ಹಾಗೇ ನಿಂತಿತು. “ಯಾವ ಮಗ? ನಮ್ಮಕ್ಕಂದಾ?” ಎಂದರು. ಆಮೇಲೆ ಬದುವಿನ ಮೇಲೆ ಕೂತುಬಿಟ್ಟರು. “ಶಿರಾಳಕೊಪ್ಪ ಸಂತೆಗೆ ಎಷ್ಟ್ ಸಲ ಬಂದಿದೀನಿ. ಒಂದ್ ಸಲ ಹೋಗಿ ನೋಡ್ಬಹುದಿತ್ತು” ಎಂದರು. ಅದನ್ನೇ ನಾಲ್ಕೈದು ಸಲ ಹೇಳಿದರು.

ಸೊರಬದ ಆಸ್ಪತ್ರೆಯಲ್ಲಿ ನಿನ್ನೆ ರಕ್ತ ಕೊಟ್ಟರು. ಪೊಲೀಸರೇ ಮೊಹರು ಮಾಡಿ ಒಯ್ದರು. ಈ ಸಲ ಏನು ಬಂದರೂ ಹಾಗೇ ಬರೆ. ಎರಡು ಸಲ ಓದು ಎಂದೆಲ್ಲ ಹೇಳಬೇಡ.

ನೀಲಾಂಬಿಕ


ಕಾರವಾರ
೧೨ ಅಕ್ಟೋಬರ್ ೧೯೯೮

ನೀಲಾ,

ಹೊಂದಿದೆ. ಒಂದು ಅಕ್ಷರವೂ ಬೇರೆಯಿಲ್ಲ. ಸಾಲು ಒಂದೇ ಇರುವ ಬೇರೆ ಮನೆತನದವರೂ ಅಪರೂಪಕ್ಕೆ ಇರುತ್ತಾರೆ. ಆದರೆ ಆ ಬೋಟು, ಆ ದಿನಗಳು, ಆ ಸಮುದ್ರ ಎಲ್ಲವನ್ನೂ ಸೇರಿಸಿ ನೋಡಿದರೆ ನನಗೆ ಅನುಮಾನವಿಲ್ಲ. ಅದು ಮಹಾಂತೇಶಣ್ಣನದು.

ಮೂಳೆಯನ್ನು ನಿಮಗೆ ಒಪ್ಪಿಸಲು ಪೊಲೀಸರು ಒಪ್ಪಿದ್ದಾರೆ. ನಾನೇ ತರುತ್ತೇನೆ. ಮನೆಯೊಳಗೆ ಬರುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲೇ ಕೊಟ್ಟು ಹಿಂದಿರುಗುತ್ತೇನೆ.

ಗಂಗಾಶ್ರೀ


ಶಿರಾಳಕೊಪ್ಪ
೯ ನವೆಂಬರ್ ೧೯೯೮

ಪ್ರೀತಿಯ ಗಂಗಾ,

ನೀನು ಆ ಡಬ್ಬಿ ನನ್ನ ಕೈಗಿಟ್ಟು, ತಿರುಗಿ ನೋಡದೆ ಬಸ್ಸು ಹತ್ತಿದೆ. ನಿಲ್ಲು ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ತವರಿನಿಂದ ಚೈತ್ರಳ ಜೊತೆ ಹಿಂದಿರುಗಿದೆ, ಕಳೆದ ಸೋಮವಾರ ಮಣ್ಣು ಮಾಡಿದೆವು. ಗುಣಿ ಚಿಕ್ಕದು. ಬೋಟಿಗೆ ಹೋಗುವಾಗ ಅವರು ತಮ್ಮ ಇಷ್ಟಲಿಂಗವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಅದನ್ನು ಮೂಳೆಯ ಜೊತೆ ಬಿಳಿ ಬಟ್ಟೆಯಲ್ಲಿ ಸುತ್ತಿದೆವು. ಅತ್ತೆ ಹೆತ್ತವರಲ್ಲ ಎಂಬುದು ಊರಿಗೆಲ್ಲ ಗೊತ್ತಾ‌ಗಿತ್ತು. ಅಯ್ಯನವರು, “ಮೊದ್ಲು ತಾಯಿ ಬರ್ಲಿ” ಎಂದರು. ಯಾರೂ ಕದಲಲಿಲ್ಲ. ಅತ್ತೆ ಬೇಲಿಯ ಹತ್ತಿರ ನೆಲ ನೋಡುತ್ತ ನಿಂತಿದ್ದರು. ಕೆಲವರು ಬೆನಕಪ್ಪನವರ ಮುಖ ನೋಡಿದರು, ತಾಯಿಯ ಕಡೆಯವರು ಎಂದರೆ ಅವರೊಬ್ಬರೇ ತಾನೇ.

ಬೆನಕಪ್ಪನವರು ಗದರಿದರು. “ನಮ್ಮಕ್ಕ ಹೋಗಿ ಮೂವತ್ತೊಂದು ವರ್ಷ ಆಯ್ತು. ಇನ್ಯಾರನ್ನ ಕಾಯ್ತಿದೀರಿ? ಬಾರಮ್ಮ ಇಲ್ಲಿ.”

ಅತ್ತೆ ಬಂದರು. ಹಿಡಿ ಮಣ್ಣು ತೆಗೆದುಕೊಂಡವರು ಹಾಕಲಾರದೆ ಹಾಗೇ ಕೂತರು. ಮುಷ್ಟಿ ಬಿಚ್ಚಲಿಲ್ಲ. ಕೊನೆಗೆ ನಾನು ಪಕ್ಕದಲ್ಲಿ ಕೂತು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಆಗ ಅವರು ಅತ್ತರು. ಈ ಒಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ತಾಳಿಯನ್ನು ಮನೆಗೆ ಬಂದು ನಾನೇ ತೆಗೆದೆ. ತೋಟಪ್ಪ ಮಾವ ಹೆಂಗಸರನ್ನು ಕರೆತರಲು ಹೊರಟಿದ್ದರು. ಬೇಡವೆಂದೆ.

ಮರುದಿನ ಬೆಳಗ್ಗೆ ನೋಡಿದರೆ ಅತ್ತೆ ಕೈಚೀಲ ಹಿಡಿದು ಪಡಸಾಲೆಯಲ್ಲಿ ಕೂತಿದ್ದಾರೆ. “ಎಲ್ಲಿಗೆ ಹೊಂಟ್ರಿ?” ಎಂದೆ.

“ಹಾನಗಲ್ಲಿಗೆ, ನಮ್ಮಣ್ಣನ ಮನಿಗೆ. ಇನ್ಮ್ಯಾಗೆ ನಾನಿಲ್ಲಿ ಯಾರಿಗ್ ಏನಾಗ್ಬೇಕವ್ವ?”

ಹೋಗಿ ಎನ್ನುವಷ್ಟು ಸಿಟ್ಟು ನನ್ನಲ್ಲಿ ಇತ್ತು ಗಂಗಾ, ಈಗಲೂ ಇದೆ. ಆ ಐದು ಹನಿಯನ್ನು ನಾನು ಮರೆತಿಲ್ಲ. ಹೂ ಮುಡಿದು ಶಾಲೆಗೆ ಹೋದದ್ದನ್ನೂ ಮರೆತಿಲ್ಲ. ಆದರೆ ಒಳಗೆ ಚೈತ್ರ ತಲೆ ಬಿಚ್ಚಿಕೊಂಡು ಬಾಚಣಿಗೆ ಹಿಡಿದು “ಅಜ್ಜೀ” ಎಂದು ಕೂಗುತ್ತಿದ್ದಳು. ನನಗೆ ಜಡೆ ಸರಿಯಾಗಿ ಹಾಕಲು ಬರುವುದಿಲ್ಲವಂತೆ.

ಚೀಲ ಇಸಿದುಕೊಂಡು ಗೂಟಕ್ಕೆ ಹಾಕಿದೆ. “ಹೋಗ್ರಿ ಒಳಗೆ. ಮೊದ್ಲು ಅವಳಿಗೆ ಜಡೆ ಹಾಕ್ರಿ, ಅಂಗನವಾಡಿಗೆ ಹೊತ್ತಾತು” ಎಂದೆ.

ನಿನ್ನ
ನೀಲಾ